ಗುಳ್ಳೆಯಲ್ಲಿ ಹಿಡಿಸದ ‘ಬರ್ರಿ’

ಚಿತ್ರಕಥೆಯ ಪುಟಕ್ಕೆ ಕೊನೆಗೆ ಕೈ ಹಾಕುವವನು ಅಕ್ಷರ ಬರೆಯುವವನು. ತಪ್ಪಾದರೆ ಮೊದಲು ಬೈಸಿಕೊಳ್ಳುವವನೂ ಅವನೇ. ಕಥೆಗಾರನ ಹೆಸರು ಮೇಲಿರುತ್ತದೆ, ಚಿತ್ರಕಾರನ ಹೆಸರು ಅದರ ಕೆಳಗಿರುತ್ತದೆ. ಗುಳ್ಳೆಯೊಳಗೆ ಮಾತು ತುಂಬಿದವನ ಹೆಸರು ಎಲ್ಲಿಯೂ ಇರುವುದಿಲ್ಲ. ರಾಯಚೂರಿನ ಒಂದು ಮಕ್ಕಳ ಮಾಸಿಕದಲ್ಲಿ ಬೆನ್ನು ಬಾಗುವ ತನಕ ನಾನು ಈ ಕೆಲಸ ಮಾಡಿದೆ. ಈಗ ಮೊಬೈಲಿನಲ್ಲೇ ಚಿತ್ರಕಥೆ ಬರೆಯುವ ಹುಡುಗ ಹುಡುಗಿಯರು ಮನೆಗೆ ಬರುತ್ತಾರೆ. ಅವರೆಲ್ಲರಿಗೂ ಒಂದೇ ಆಸೆ: ಇರುವ ಮಹಾವೀರರನ್ನೆಲ್ಲ ಒಂದೇ ಕಥೆಯಲ್ಲಿ ಕೂಡಿಸಿ ದೊಡ್ಡ ಗದ್ದಲ ಎಬ್ಬಿಸಬೇಕು. ಹೇಗೆ ಮಾಡುವುದು, ಏನು ಲಾಭ, ಏನು ಅಪಾಯ ಎಂದು ಕೇಳುತ್ತಾರೆ. ನಾನು ಕೆಲಸ ಮಾಡಿದ್ದು ಅಂಥ ಒಂದೇ ಒಂದು ಕೂಡುಕಥೆಯಲ್ಲಿ. ಅದರ ನಡುವೆ ನಾನು ಬರೆದ ಒಂದು ಅಕ್ಷರ ಒಬ್ಬ ಒಳ್ಳೆಯ ಮನುಷ್ಯನ ಮರ್ಯಾದೆಯನ್ನು ಇನ್ನೇನು ತೆಗೆದೇಬಿಡುವುದರಲ್ಲಿತ್ತು. ಆದ್ದರಿಂದ ಅದನ್ನೇ ಬರೆಯುತ್ತೇನೆ.

ಮೊದಲು ಕೆಲಸದ ಮಾತು. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು ಬೇಕು, ಬಲಕ್ಕೆ ದೀರ್ಘ ಬೇಕು, ಕೆಳಗೆ ಒತ್ತಕ್ಷರ ನೇತಾಡಲು ಜಾಗ ಬೇಕು. ಚಿತ್ರಕಾರ ಖಳನ ಮೀಸೆಗೆ ಅರ್ಧ ಚೌಕ ಕೊಟ್ಟು, ಮಾತಿನ ಗುಳ್ಳೆಗೆ ಹೆಬ್ಬೆರಳ ಉಗುರಿನಷ್ಟು ಬಿಟ್ಟಿರುತ್ತಾನೆ. ಕಥೆಗಾರ ಬರೆದದ್ದೆಲ್ಲ ಅದರಲ್ಲಿ ಹಿಡಿಸಬೇಕು. ಹಿಡಿಸದಿದ್ದಾಗ ‘ಬರುತ್ತಿದ್ದೇನೆ’ ಎಂಬುದನ್ನು ‘ಬಂದೆ’ ಮಾಡುವ ಅಧಿಕಾರ ನನಗಿತ್ತು. ಅದನ್ನು ಯಾರೂ ಕೊಟ್ಟಿರಲಿಲ್ಲ. ಯಾರೂ ಕೇಳದೆ ಇದ್ದುದರಿಂದ ತಾನಾಗಿ ಬಂದಿತ್ತು.

ಕೆಲಸಕ್ಕೆ ಸೇರಿದ ವರ್ಷವೇ ಎರಡು ಗುಳ್ಳೆಗಳ ಬಾಲ ಅದಲುಬದಲು ಮಾಡಿದ್ದೆ. ಅಕ್ಕಿಗೆ ಕಲ್ಲು ಬೆರೆಸುವ ಖಳ ‘ನಿನ್ನ ಆಟ ಮುಗಿಯಿತು ದುಷ್ಟಾ’ ಎಂದು ನಾಯಕನಿಗೆ ಹೇಳಿದ; ನಾಯಕ ಪಾಪ, ‘ಇನ್ನೊಮ್ಮೆ ಕಲಬೆರಕೆ ಮಾಡುವುದಿಲ್ಲ’ ಎಂದು ಕೈಮುಗಿದ. ಊರೆಲ್ಲ ನಕ್ಕಿತು. ನಮ್ಮ ಸಂಪಾದಕರು ಮಾತ್ರ ನಗಲಿಲ್ಲ. ಅವರು ಖಾದರ್ ಸಾಹೇಬರು, ಪತ್ರಿಕೆಯ ಮಾಲೀಕರೂ ಅವರೇ. ಪುಟವನ್ನು ಒಂದು ಮಾರು ದೂರ ಹಿಡಿದು ಕೆಂಪು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಓದುವವರು. ಅಂದಿನಿಂದ ಅಚ್ಚಿಗೆ ಹೋಗುವ ಮುನ್ನ ಪ್ರತಿ ಗುಳ್ಳೆಯನ್ನೂ ಗಟ್ಟಿಯಾಗಿ ಓದಬೇಕೆಂದು ಕಾನೂನು ಮಾಡಿದರು.

“ಬಾಯಿಲೆ ಓದ್ರಿ ಮಿಯಾ,” ಎಂದರು. “ಕಣ್ಣು ಮೋಸ ಮಾಡ್ತಾವ. ನಾಲಿಗಿ ತಪ್ಪಿದ್ದ ಜಾಗಾದಾಗ ತಡೀತದ.”

ಆ ಮಾತನ್ನು ನಾನು ಬಹಳ ವರ್ಷ ನಂಬಿದ್ದೆ.

ನಮ್ಮ ಮಾಸಿಕದಲ್ಲಿ ಮೂವರು ವೀರರಿದ್ದರು. ರಾಯಚೂರಿನ ಬಿಸಿಲಯ್ಯ ಸೂರ್ಯನ ಶಾಖವನ್ನು ಕುಡಿದು ಬಲ ಪಡೆಯುವವನು; ಈ ಊರಿನಲ್ಲಿ ಅವನಿಗೆ ಬಲದ ಕೊರತೆ ಬೀಳುವ ಪ್ರಶ್ನೆಯೇ ಇರಲಿಲ್ಲ. ಅವನ ಕಥೆಯನ್ನು ಸಾಹೇಬರೇ ಬರೆಯುತ್ತಿದ್ದರು. ಮಾನ್ವಿಯ ಕಾಲುವೆರಾಯ ನೀರನ್ನು ಹೇಳಿದ ಕಡೆ ಹರಿಸುವವನು. ಅವನನ್ನು ಹುಟ್ಟಿಸಿದವರು ಮಾನ್ವಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ಶ್ರೀನಿವಾಸಾಚಾರ್ಯರು. ದೇವಸ್ಥಾನದ ಸೇವೆಯ ಮನೆತನ, ಮೆಲುಮಾತು, ನೀಲಿ ಶಾಯಿಯಲ್ಲಿ ದುಂಡನೆಯ ಬರಹ. ಮೂರನೆಯವನು ದೇವದುರ್ಗದ ಕರಿಗಲ್ಲ. ಕಲ್ಲು ಒಡೆಯುವ ಕೂಲಿಯವನು. ಅನ್ಯಾಯ ಕಂಡಾಗ ಮೈಯೇ ಬಂಡೆಯಾಗುತ್ತಿತ್ತು. ಅವನನ್ನು ಬರೆಯುತ್ತಿದ್ದವರು ಹುಲುಗಪ್ಪನವರು. ಅವರ ತಂದೆ ತಾಯಿ ನಿಜವಾಗಿಯೂ ಕಲ್ಲು ಒಡೆದವರು. ಕೇರಿಯಿಂದ ಓದಲು ಹೊರಟ ಮೊದಲ ತಲೆ ಇವರದು, ಆಗ ಪ್ರೌಢಶಾಲೆಯ ಹೆಡ್ ಮಾಸ್ತರರು, ನನಗಿಂತ ಎರಡು ವರ್ಷ ದೊಡ್ಡವರು. ನಾನು ಕಲ್ಲೂರಿನ ಒಕ್ಕಲು ಮನೆಯವನು. ಕಥೆಯ ಪುಟ ಕೊಡಲು ಇಬ್ಬರೂ ಮೇಷ್ಟರು ತಿಂಗಳಿಗೊಮ್ಮೆ ತೀನ್ ಕಂದೀಲ್ ವೃತ್ತದ ಹಿಂದಿದ್ದ ನಮ್ಮ ಕಚೇರಿಗೆ ಬರುತ್ತಿದ್ದರು. “ಬರ್ರಿ ಆಚಾರ್ರ, ಕೂಡ್ರಿ,” ಎನ್ನುತ್ತಿದ್ದೆ. “ಬಾ ಹುಲುಗಪ್ಪ, ಬಿಸಿಲಾಗ ಬಂದೀದಿ, ನೀರು ಕುಡಿ,” ಎನ್ನುತ್ತಿದ್ದೆ. ಇಬ್ಬರ ಮೇಲೂ ನನಗೆ ಪ್ರೀತಿಯಿತ್ತು.

ಮೂವರನ್ನೂ ಕೂಡಿಸುವ ಯೋಚನೆ ಓದುಗರದು. ಬಿಸಿಲಯ್ಯನೂ ಕರಿಗಲ್ಲನೂ ಹೊಡೆದಾಡಿದರೆ ಯಾರು ಗೆಲ್ಲುತ್ತಾರೆ ಎಂದು ಪ್ರತಿ ಟಪಾಲಿನಲ್ಲೂ ಪತ್ರ ಬರುತ್ತಿತ್ತು. ಸಾಹೇಬರು ಮೂರು ತಿಂಗಳ ಕಥೆ ಮಾಡೋಣ ಎಂದರು: ಮೊದಲ ಭಾಗ ತಮ್ಮದು, ಎರಡನೆಯದು ಆಚಾರ್ಯರದು, ಮೂರನೆಯದು ಹುಲುಗಪ್ಪನವರದು. ಮೊದಲ ಭಾಗ ಬಂದಾಗ ಕೂಡುಕಥೆಯ ಶಕ್ತಿ ಏನೆಂದು ನನಗೆ ಅರ್ಥವಾಯಿತು. ಕಾಲುವೆರಾಯನಿಗಾಗಿ ಕೊಂಡ ಮಾನ್ವಿಯ ಮಕ್ಕಳು ಕರಿಗಲ್ಲನನ್ನು ಮೊದಲ ಸಲ ಕಂಡರು. ಯಾವಾಗಲೂ ಒಬ್ಬನೇ ಗೆಲ್ಲುತ್ತಿದ್ದ ಬಿಸಿಲಯ್ಯ ಮೊದಲ ಸಲ ಇನ್ನೊಬ್ಬನ ಸಹಾಯ ಬೇಡಿದ. ಬೇಡುವಾಗಿನ ಅವನ ಮುಖವನ್ನು ಚಿತ್ರಕಾರ ಬಹಳ ಚೆನ್ನಾಗಿ ಬರೆದಿದ್ದ. ಒಂಟಿ ಕಥೆಯಲ್ಲಿ ವೀರನನ್ನು ನಾವು ಅವನ ಕಣ್ಣಿನಿಂದಲೇ ನೋಡುತ್ತೇವೆ. ಇನ್ನೊಬ್ಬ ವೀರ ಅವನನ್ನು ಹೇಗೆ ನೋಡುತ್ತಾನೆ ಎಂಬುದು ಕೂಡುಕಥೆಯಲ್ಲಿ ಮಾತ್ರ ಸಿಗುತ್ತದೆ. ಹೊಡೆದಾಟವನ್ನು ಎಲ್ಲರೂ ಮರೆಯುತ್ತಾರೆ. ಮೂವರೂ ಒಂದೇ ಕಾಗದದಲ್ಲಿ ಮಂಡಕ್ಕಿ ಮಿರ್ಚಿ ತಿಂದದ್ದು ನನಗೆ ಇವತ್ತಿಗೂ ನೆನಪಿದೆ.

ದೌರ್ಬಲ್ಯಗಳೂ ಅದೇ ತಿಂಗಳು ಹೊರಬಂದವು. ಮೂವರಿಗೂ ಸಾಲುವಂಥ ಖಳ ಬೇಕೆಂದು ಸಾಹೇಬರು ಆಕಾಶವನ್ನೇ ನುಂಗುವ ಒಂದು ಕರಿ ಮೋಡ ತಂದರು. ಅದಕ್ಕೆ ಮುಖವಿಲ್ಲ, ಸಿಟ್ಟಿಗೆ ಕಾರಣವಿಲ್ಲ. ಅಕ್ಕಿಗೆ ಕಲ್ಲು ಬೆರೆಸುವವನ ಮುಂದೆ ಅದು ಏನೇನೂ ಅಲ್ಲ. ಓದುಗರು ಚೌಕ ಎಣಿಸತೊಡಗಿದರು. ನಮ್ಮವನಿಗೆ ಹನ್ನೊಂದು, ಅವನಿಗೆ ಹದಿನೇಳು ಯಾಕೆ ಎಂದು ಜಗಳ. ಕಲ್ಲೂರಿನ ಒಬ್ಬ ಹುಡುಗಿ ಕರಿಗಲ್ಲನ ಕಿವಿ ಯಾಕೆ ಹರಿದಿದೆ ಎಂದು ಪತ್ರ ಬರೆದಳು. ಅದು ನಾಲ್ಕು ವರ್ಷ ಹಿಂದಿನ ಕಥೆಯಲ್ಲಿತ್ತು. ಹೊಸ ಓದುಗರಿಗೆ ಹೇಳಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಮುಖಪುಟ. ‘ಮೂವರಲ್ಲಿ ಒಬ್ಬ ಉಳಿಯುವುದಿಲ್ಲ’ ಎಂದು ಸಾಹೇಬರು ದಪ್ಪಕ್ಷರದಲ್ಲಿ ಬರೆಸಿದರು. ಸಾಯಿಸುವ ಯೋಚನೆ ಯಾರಿಗೂ ಇರಲಿಲ್ಲ, ಬರೀ ಕುತೂಹಲ ಹುಟ್ಟಿಸುವ ಮಾತು. ಇಂಥ ಸುಳ್ಳು ಹೇಳಬೇಡಿ ಎಂದು ಹೊಸಬರಿಗೆ ನಾನು ಕೈಮುಗಿದು ಹೇಳುತ್ತೇನೆ. ಹುಲುಗಪ್ಪನವರು ಮುಖಪುಟ ನೋಡಿ ಸಣ್ಣಗೆ ನಕ್ಕಿದ್ದರು.

“ಯಾರು ಸಾಯ್ತಾರ ಅಂತ ನಮ್ಮ ಸಾಲಿ ಹುಡುಗ್ರಿಗೆ ಈಗ ಗೊತ್ತಾಗ್ಯದ್ರಿ ಸರ,” ಎಂದರು. “ಸಾಯಾವ ನಮ್ಮವನ.”

ತಮಾಷೆ ಎಂದುಕೊಂಡು ನಾನೂ ನಕ್ಕೆ.

ಎರಡನೆಯ ಭಾಗ ಬಂತು. ಆ ಹೊತ್ತಿಗೆ ಪತ್ರಿಕೆಯ ಉಳಿದ ಪುಟಗಳೆಲ್ಲ ಕಂಪ್ಯೂಟರಿಗೆ ಹೋಗಿದ್ದವು. ಚಿತ್ರಕಥೆ ಮಾತ್ರ ನನ್ನ ನಿಬ್ಬಿನಲ್ಲೇ ಉಳಿದಿತ್ತು. ಮಾನ್ವಿಯ ಬಸ್ ನಿಲ್ದಾಣದಲ್ಲಿ ಕಾಲುವೆರಾಯ ಇಬ್ಬರು ಅತಿಥಿಗಳನ್ನು ಎದುರುಗೊಳ್ಳುತ್ತಾನೆ. ನಾಲ್ಕನೆಯ ಚೌಕದಲ್ಲಿ ‘ಬರ್ರಿ ಬಿಸಿಲಯ್ಯ’ ಎನ್ನುತ್ತಾನೆ. ಐದನೆಯ ಚೌಕದಲ್ಲಿ ಕರಿಗಲ್ಲನ ಕಡೆ ತಿರುಗುತ್ತಾನೆ. ಅಲ್ಲಿ ನಾನು ಬರೆದದ್ದು ‘ಬಾ ಕರಿಗಲ್ಲ’. ಆರನೆಯದರಲ್ಲಿ ಕರಿಗಲ್ಲನ ಉತ್ತರ: ‘ಬಂದೆ ರೀ ರಾಯರ’. ಪದ್ಧತಿಯಂತೆ ನಾನು ಗಟ್ಟಿಯಾಗಿ ಓದಿದೆ, ಸಾಹೇಬರು ಗಟ್ಟಿಯಾಗಿ ಓದಿದರು. ಇಬ್ಬರ ನಾಲಿಗೆಯೂ ಎಲ್ಲಿಯೂ ತಡೆಯಲಿಲ್ಲ. ಅಕ್ಷರ ತುಂಬಿದ ಮೇಲೆ ಪುಟವನ್ನು ಆಚಾರ್ಯರಿಗೆ ತೋರಿಸುವ ರೂಢಿಯೇ ಇರಲಿಲ್ಲ.

ಸಂಚಿಕೆ ಹೊರಬಿದ್ದ ಮೂರನೆಯ ದಿನ ಆ ಮೂರು ಚೌಕಗಳ ಫೋಟೋ ಫೋನಿನಿಂದ ಫೋನಿಗೆ ಓಡಿತು. ಒಬ್ಬನಿಗೆ ಬರ್ರಿ, ಇನ್ನೊಬ್ಬನಿಗೆ ಬಾ. ಅವನು ಮಾತ್ರ ರೀ ಅನ್ನಬೇಕು. ಕೆಳಗೆ ಯಾರೋ ಕೇಳಿದ್ದರು, ಬಂಡೆಯಂಥ ವೀರರಾದರೂ ನಾವು ನಿಮ್ಮ ಬಾಯಲ್ಲಿ ಬರೀ ‘ಬಾ’ ಏನು ಎಂದು. ದೇವದುರ್ಗದಿಂದ ಸಂಚಿಕೆಯ ಕಟ್ಟುಗಳು ಬಿಚ್ಚದೆ ವಾಪಸು ಬಂದವು. ಹುಲುಗಪ್ಪನವರು ಸಾಹೇಬರಿಗೆ ಫೋನು ಮಾಡಿ, ಮೂರನೆಯ ಭಾಗ ಕೊಡುವುದಿಲ್ಲ, ಕರಿಗಲ್ಲನನ್ನು ಇನ್ನು ಬರೆಯುವುದೂ ಇಲ್ಲ ಎಂದರು. ದನಿ ಏರಿಸಲಿಲ್ಲವಂತೆ. ಅದೇ ಸಾಹೇಬರನ್ನು ಹೆದರಿಸಿತ್ತು.

ಕಥೆ ಬರೆದವರು ಆಚಾರ್ಯರಾದ್ದರಿಂದ ಎಲ್ಲರ ಬೆರಳೂ ಅವರ ಕಡೆ ತಿರುಗಿತು. ಮಡಿವಂತ ಮೇಷ್ಟರು ಬೇಕೆಂದೇ ಹಾಗೆ ಬರೆದಿದ್ದಾರೆ ಎಂಬ ಮಾತು ಮಾನ್ವಿಯ ಅವರ ಶಾಲೆಯವರೆಗೂ ಹೋಯಿತು. ಅವರ ತರಗತಿಯ ಅರ್ಧ ಮಕ್ಕಳು ಕೂಲಿಯವರ ಮನೆಯವರು. ಕೆಲವು ತಂದೆ ತಾಯಿಯರು ಶಾಲೆಗೆ ಬಂದು, ನಮ್ಮ ಮಕ್ಕಳನ್ನು ಈ ಮೇಷ್ಟರ ಮುಂದೆ ಕೂಡಿಸುವುದು ಹೇಗೆ ಎಂದು ಕೇಳಿದರು. ಬರುವ ಭಾನುವಾರ ದೇವದುರ್ಗದಲ್ಲಿ ಓದುಗರ ಸಭೆ, ಅಲ್ಲಿ ಆಚಾರ್ಯರು ಬಂದು ಕ್ಷಮೆ ಕೇಳಬೇಕು ಎಂದು ತೀರ್ಮಾನವಾಯಿತು.

ಮಂಗಳವಾರ ಆಚಾರ್ಯರು ಕಚೇರಿಗೆ ಬಂದರು. ಎರಡು ದಿನದಲ್ಲಿ ಮುಖ ಇಳಿದುಹೋಗಿತ್ತು. ತಾವು ಹಾಗೆ ಬರೆಯಲಿಲ್ಲ ಎಂದು ಅವರು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಹೇಳಿದ್ದೇ ಬೇರೆ.

“ಶರಣಪ್ಪ, ನಾನ ಬರದಿರಬೇಕ್ರಿ,” ಎಂದರು. “ನೆನಪಿಲ್ಲ. ಆದರ ನಮ್ಮ ಮನ್ಯಾಗ ಹಂಗ ಅನ್ನೂದು ಕೇಳಿ ಬೆಳದೀನಿ. ಕೈ ತಾನ ಬರದಿರ್ತದ. ಕ್ಷಮಾ ಕೇಳಿ, ಕೆಲಸಕ್ಕೂ ರಾಜೀನಾಮೆ ಕೊಡ್ತೀನಿ. ಆ ಮಕ್ಕಳ ಮುಂದ ಹ್ಯಾಂಗ ನಿಲ್ಲಲಿ?”

ಅವರ ಮೂಲ ಬರಹ ನನ್ನ ಮೇಜಿನ ಎರಡನೆಯ ಡ್ರಾಯರಿನಲ್ಲಿತ್ತು. ಅವರು ಹೋದ ಮೇಲೆ ತೆಗೆದು ನೋಡಿದೆ. ನೀಲಿ ಶಾಯಿ, ದುಂಡನೆಯ ಅಕ್ಷರ. ನಾಲ್ಕನೆಯ ಚೌಕ: ಬರ್ರಿ ಬಿಸಿಲಯ್ಯ. ಐದನೆಯ ಚೌಕ: ಬರ್ರಿ ಕರಿಗಲ್ಲ. ‘ಬರ್ರಿ’ಯ ಕೆಳಗೆ ಅವರು ಗೆರೆಯನ್ನೂ ಎಳೆದಿದ್ದರು, ಬಿಡಬಾರದೆಂದು.

ಆಮೇಲಿನ ನಾಲ್ಕು ದಿನಗಳ ಬಗ್ಗೆ ಬರೆಯಲು ನನಗೆ ನಾಚಿಕೆಯಾಗುತ್ತದೆ. ಆ ಹಾಳೆ ಕಂಡವನು ನಾನೊಬ್ಬನೇ. ಮೂಲ ಬರಹವನ್ನು ಅಚ್ಚಾದ ಮೇಲೆ ರದ್ದಿಗೆ ಹಾಕುವುದು ನಮ್ಮಲ್ಲಿ ರೂಢಿ. ಹಾಕಿದೆ ಎಂದರೆ ಯಾರೂ ಕೇಳುತ್ತಿರಲಿಲ್ಲ. ಆಚಾರ್ಯರು ಹೇಗೂ ತಪ್ಪು ಒಪ್ಪಿಕೊಂಡಿದ್ದಾರೆ, ಭಾನುವಾರ ಕಳೆದರೆ ಜನ ಮರೆಯುತ್ತಾರೆ ಎಂದು ಒಂದು ಮನಸ್ಸು. ಬುಧವಾರ ಹಾಳೆಯನ್ನು ಎರಡು ಮಡಿಕೆ ಮಾಡಿದೆ. ಗುರುವಾರ ನಾಲ್ಕು ಮಡಿಕೆ. ಡ್ರಾಯರಿನ ಕಡೆ ಸಾಹೇಬರು ಬಂದರೆ ಅದನ್ನು ಮೊಣಕಾಲಿನಿಂದ ಒತ್ತಿ ಮುಚ್ಚುತ್ತಿದ್ದೆ. ಶುಕ್ರವಾರ ಆಚಾರ್ಯರ ಮನೆಯವರು ಫೋನು ಮಾಡಿ, ಅವರು ಎರಡು ದಿನದಿಂದ ಊಟ ಬಿಟ್ಟಿದ್ದಾರೆ, ನೀವಾದರೂ ಹೇಳಿರಿ ಎಂದರು. ನಾನು ಆಯ್ತು ಎಂದೆ. ಏನು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ದೇವದುರ್ಗದ ಬಸ್ಸು ಹತ್ತಿದೆ. ಗಬ್ಬೂರು ದಾಟುವ ತನಕ ಇಳಿದು ವಾಪಸು ಹೋಗೋಣ ಎಂದೇ ಯೋಚಿಸುತ್ತಿದ್ದೆ. ಹುಲುಗಪ್ಪನವರು ಶಾಲೆಯ ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ಪಕ್ಕದಲ್ಲಿ ನಾಳೆಯ ಸಭೆಗೆ ತಂದ ಕುರ್ಚಿಗಳ ಸಾಲು.

“ಹುಲುಗಪ್ಪ, ಒಂದೀಟು ಮಾತಾಡೂದದ, ಈ ಕಡಿ ಬಾ,” ಎಂದೆ.

“ಬರ್ರಿ ಸರ,” ಎಂದರು. “ಇಲ್ಲೇ ಕೂಡ್ರಿ. ನೀರು ತರಸ್ತೀನಿ.”

ಹಾಳೆ ಬಿಚ್ಚಿ ಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. ಆಚಾರ್ಯರು ಬರ್ರಿ ಎಂದೇ ಬರೆದಿದ್ದಾರೆ, ಗೆರೆ ಎಳೆದಿದ್ದಾರೆ, ಬಾ ಮಾಡಿದ್ದು ನಾನು ಎಂದೆ. ಬೇಕೆಂದು ಮಾಡಿದ್ದಲ್ಲ, ಗುಳ್ಳೆ ಸಣ್ಣದಿತ್ತು, ಒತ್ತಕ್ಷರ ಕೆಳಗೆ ಇಳಿಯಲು ಜಾಗ ಇರಲಿಲ್ಲ ಎಂದೂ ಹೇಳಿದೆ. ಹೇಳುವಾಗ ನಾನದನ್ನು ಪೂರಾ ನಂಬಿದ್ದೆ. ಅದು ನನ್ನ ಕಸುಬಿನ ಮಾತು. ಅದನ್ನು ಯಾರು ಪ್ರಶ್ನೆ ಮಾಡುತ್ತಾರೆ?

ಹುಲುಗಪ್ಪನವರು ಚೀಲದಿಂದ ಸಂಚಿಕೆ ತೆಗೆದು ಆ ಪುಟವನ್ನು ನನ್ನ ಮುಂದೆ ಹರಡಿದರು.

“ಇದು ನಾಕನೇ ಗುಳ್ಳಿ, ಇದು ಐದನೇದು,” ಎಂದರು. “ಬಿಸಿಲಯ್ಯಗ ಬರ್ರಿ ಹಿಡಿಸ್ಯದ. ನಮ್ಮವಗ ಯಾಕ ಹಿಡಿಸಲಿಲ್ರಿ ಸರ? ನೀವ ಅಳದು ಹೇಳ್ರಿ.”

ಅಳತೆಪಟ್ಟಿ ಯಾವಾಗಲೂ ನನ್ನ ಜೇಬಿನಲ್ಲಿರುತ್ತದೆ. ತೆಗೆದು ಎರಡೂ ಗುಳ್ಳೆಗಳ ಮೇಲೆ ಇಟ್ಟೆ. ಕರಿಗಲ್ಲನ ಗುಳ್ಳೆ ಒಂದು ನೂಲು ದೊಡ್ಡದಿತ್ತು. ಒತ್ತಕ್ಷರದ ಮಾತಂತೂ ಬಾಯಿ ಬಿಡುವಂತಿರಲಿಲ್ಲ. ಕರಿಗಲ್ಲ ಎಂಬ ಹೆಸರಿನಲ್ಲೇ ಒಂದು ಒತ್ತಿದೆ. ಆ ಸಾಲಿನ ಕೆಳಗೆ ನಾನೇ ಜಾಗ ಬಿಟ್ಟು ಬರೆದಿದ್ದೆ. ಬಾ ಬರೆದ ಮೇಲೆ ಪಕ್ಕದಲ್ಲಿ ಎರಡು ಅಕ್ಷರದಷ್ಟು ಬಿಳಿ ಉಳಿದಿತ್ತು. ಮೂವತ್ತು ವರ್ಷ ನೂಲು ನೂಲಿಗೆ ಲೆಕ್ಕ ಇಟ್ಟ ಕಣ್ಣು ಅದನ್ನು ನೋಡಿರಲಿಲ್ಲ.

“ಜಾಗ ಇತ್ತು,” ಎಂದೆ.

“ಬೇಕಂತ ಬರದಿದ್ರ ನನಗ ಸಿಟ್ಟ ಬರ್ತಿತ್ತು, ಜಗಳಾಡಿ ಬಿಡ್ತಿದ್ದೆ,” ಎಂದರು. “ನಿಮಗ ಗೊತ್ತ ಆಗಿಲ್ಲ. ಅದಕ್ಕ ಏನ ಮಾಡ್ಬೇಕು ಅಂತ ನನಗ ತಿಳಿವಲ್ದು.” ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟರು. “ನಾಳಿ ಇದನ್ನ ನೀವ ಹೇಳ್ರಿ. ಆಚಾರ್ರು ಕ್ಷಮಾ ಕೇಳೂದು ಬ್ಯಾಡ.”

ವಾಪಸು ಬರುವ ಬಸ್ಸಿನಲ್ಲಿ ನನಗೆ ಇನ್ನೊಂದು ಹೊಳೆಯಿತು. ಪಡಸಾಲೆಯಲ್ಲಿ ನಾನು ಆಡಿದ ಮೊದಲ ಮಾತು ಬಾ. ತಪ್ಪೊಪ್ಪಿಕೊಳ್ಳಲು ಹೋದವನು, ನನಗಿಂತ ಹಿರಿಯರಾದ ಹೆಡ್ ಮಾಸ್ತರರನ್ನು ಅವರದೇ ಶಾಲೆಯಲ್ಲಿ ಬಾ ಎಂದು ಕರೆದಿದ್ದೆ. ಅವರು ಬರ್ರಿ ಎಂದಿದ್ದರು. ಇಷ್ಟು ವರ್ಷವೂ ಹಾಗೆಯೇ ನಡೆದಿತ್ತು. ಆಚಾರ್ಯರು ನನಗಿಂತ ಚಿಕ್ಕವರು. ಅವರಿಗೆ ಒಮ್ಮೆಯೂ ನನ್ನ ಬಾಯಲ್ಲಿ ಬಾ ಬಂದಿರಲಿಲ್ಲ. ಸಲಿಗೆ ಎಂದುಕೊಂಡಿದ್ದೆ. ಸಲಿಗೆಯಾಗಿದ್ದರೆ ಅವರೂ ನನಗೆ ಬಾ ಎನ್ನಬೇಕಿತ್ತು. ಐದನೆಯ ಗುಳ್ಳೆಯಲ್ಲಿ ಬರೆದದ್ದು ನನ್ನ ಬಾಯಲ್ಲಿ ದಿನವೂ ಇದ್ದದ್ದೇ. ನಾಲಿಗೆ ಹೇಗೆ ತಡೆದೀತು?

ಭಾನುವಾರ ಸಭೆ ತುಂಬಿತ್ತು. ಆಚಾರ್ಯರು ಮುಂದಿನ ಸಾಲಿನಲ್ಲಿ ಕ್ಷಮಾಪಣೆಯ ಚೀಟಿ ಹಿಡಿದು ಕೂತಿದ್ದರು. ನಾನು ಎದ್ದು ನಿಂತು ಮೂಲ ಹಾಳೆಯನ್ನು ಎತ್ತಿ ಹಿಡಿದು ಎಲ್ಲ ಹೇಳಿದೆ. ಜಾಗ ಇತ್ತು ಎಂಬುದನ್ನೂ ಹೇಳಿದೆ. ಹಿಂದಿನ ಸಾಲಿನಿಂದ ಕೆಲವರು ಬೈದರು, ಬೈಸಿಕೊಂಡೆ. ಒಬ್ಬ ಹೆಣ್ಣುಮಗಳು ಹಾಳೆಯನ್ನು ಇಸಿದುಕೊಂಡು ಹೋಗಿ ಆಚಾರ್ಯರ ಕೈಗೆ ಕೊಟ್ಟಳು. ತಾವೇ ಎಳೆದ ಗೆರೆಯನ್ನು ಅವರು ಬಹಳ ಹೊತ್ತು ನೋಡಿ, ಚೀಟಿಯನ್ನು ಮಡಚಿ ಜೇಬಿಗೆ ಹಾಕಿದರು. ಮರುದಿನ ಶಾಲೆಗೆ ಹೋದರು. ಮೂರನೆಯ ಭಾಗದ ಬಗ್ಗೆ ಮಾತ್ರ ಹುಲುಗಪ್ಪನವರು ತುಟಿ ಬಿಚ್ಚಲಿಲ್ಲ.

ಈಗಿನ ಹೊಸಬರಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಪರದೆಯ ಮೇಲೆ ಗುಳ್ಳೆಯನ್ನು ಬೆರಳಿನಿಂದ ಎಳೆದರೆ ಹಿಗ್ಗುತ್ತದೆ. ಜಾಗ ಇರಲಿಲ್ಲ ಎನ್ನುವ ನೆಪ ನಿಮಗೆ ಉಳಿದಿಲ್ಲ. ವೀರರನ್ನು ಕೂಡಿಸಿ, ಲೋಕ ಮುಳುಗಿಸಿ, ಮೋಡ ಸಿಡಿಸಿ. ಅದಕ್ಕೂ ಮೊದಲು ಅವರು ಒಬ್ಬರನ್ನೊಬ್ಬರು ಏನೆಂದು ಕರೆಯುತ್ತಾರೆ ಎಂಬ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಆಮೇಲೆ ಆ ಪಟ್ಟಿಯನ್ನು ನಿಮ್ಮ ಕಚೇರಿಯ ಜನರ ಮೇಲೂ ಒಮ್ಮೆ ಹಾಯಿಸಿ ನೋಡಿ.

ಆ ಸಭೆಯಾಗಿ ಎರಡು ವಾರ ಕಳೆಯಿತು. ಅಚ್ಚಿನ ದಿನ ಹತ್ತಿರ ಬಂತು. ಸಾಹೇಬರು ಮೂರನೆಯ ಭಾಗದ ಹದಿನಾರು ಪುಟಗಳನ್ನು ಖಾಲಿ ಬಿಟ್ಟುಕೊಂಡು ದಿನಕ್ಕೆ ಹತ್ತು ಸಲ ಬಾಗಿಲು ನೋಡುತ್ತಿದ್ದರು. ಕೊನೆಯ ದಿನ ಮಧ್ಯಾಹ್ನ ಆ ಬಾಗಿಲಿಗೆ ನೆರಳು ಬಿತ್ತು. ಹುಲುಗಪ್ಪನವರು, ಕಂಕುಳಲ್ಲಿ ಕಾಗದದ ಕಟ್ಟು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತರು. ಇಷ್ಟು ವರ್ಷ ಕೂತಲ್ಲಿಂದಲೇ ತಲೆಯೆತ್ತಿ ಮಾತಾಡಿಸುತ್ತಿದ್ದ ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. ಎರಡೇ ಅಕ್ಷರದ ಮಾತು, ಬಾಯಿಗೆ ಬರಲು ಬಹಳ ಹೊತ್ತು ಹಿಡಿಯಿತು.

“ಬರ್ರಿ ಹುಲುಗಪ್ಪನವರ,” ಎಂದೆ.

ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಕಾಗದದ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು.

“ಜಾಗ ಸಿಕ್ತೇನ್ರಿ ಸರ?” ಎಂದರು.